ಒಂದು ತೋಳಿನ ಅಂಗಿ

ಹಳೇ ಹುಬ್ಬಳ್ಳಿ
12 ನವೆಂಬರ್ 2022

ತಮ್ಮಾ ಯಲ್ಲೇಶ,

ಜೈಭೀಮ್. ಕಾಗದದ ಮೊದಲಿಗೆ ನಾವೆಲ್ಲ ಆರಾಮ ಎಂದು ಬರೆಯಬೇಕು, ಬರೆದೆ ಅಂದುಕೋ. ಈಗ ಖರೇ ವಿಷಯಕ್ಕೆ ಬರುತ್ತೇನೆ. ನಿನ್ನ ಸಿನಿಮಾವನ್ನು ಒಂದೇ ವಾರಕ್ಕೆ ಥೇಟರಿನಿಂದ ತೆಗೆದರು ಎಂದು ನನ್ನ ಮಗಳು ಸ್ನೇಹಲ್ ಹೇಳಿದಳು. ಆವತ್ತಿನಿಂದ ನನಗೆ ತುತ್ತು ಇಳಿಯುತ್ತಿಲ್ಲ. ನೀನು ಉಣ್ಣುತ್ತಿದ್ದೀಯಾ? ಒಂಬತ್ತು ವರ್ಷ ಬೇರೆ ಡೈರೆಕ್ಟರುಗಳ ಕೈಕೆಳಗೆ ದುಡಿದೆ. ನಿನ್ನ ಮೊದಲನೆಯ ಸಿನಿಮಾ ಡಬ್ಬಿಯಲ್ಲೇ ಉಳಿಯಿತು. ಎರಡನೆಯದು ಹೀಗಾಯಿತು. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಏನೇನು ವಿಚಾರ ಬರುತ್ತವೋ ಎಂದು ನನಗೆ ವಿಚಾರ. ನಿನ್ನ ಮನೆ ನಾಲ್ಕನೇ ಮಹಡಿ ಎಂದಿದ್ದೆ. ಬಾಲ್ಕನಿ ಬಾಗಿಲಿಗೆ ಚಿಲಕ ಹಾಕಿ ಮಲಗು. ನನ್ನ ಚಿಂತೆ ನೋಡಿ ನಮ್ಮ ಮನೆಯವರು, ನಿಮ್ಮ ಮಾಮಾ, ನಗುತ್ತಾರೆ. ‘ಚಿಂತಿ ಮಾಡೂದಕ್ಕ ಸರ್ಕಾರ ಪಗಾರ ಕೊಡ್ತಿದ್ರ ನೀ ಇಷ್ಟೊತ್ತಿಗೆ ಆಫೀಸರ್ ಆಗಿರ್ತಿದ್ದಿ’ ಅನ್ನುತ್ತಾರೆ. ಅನ್ನಲಿ.

ಮೆಸೇಜು ಹಾಕು, ಈ ಕಾಲದಲ್ಲಿ ಕಾಗದ ಯಾಕೆ ಎಂದು ನೀನು ಬೈಯುತ್ತೀ. ಮೆಸೇಜು ಹಾಕಿದರೆ ಎರಡು ನೀಲಿ ಗೆರೆ ಬೀಳುತ್ತವೆ. ನೀನು ಓದಿದ್ದೀ ಎಂದು ಗೊತ್ತಾಗುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ದಿನವಿಡೀ ಆ ಗೆರೆ ನೋಡುತ್ತ ಕೂತರೆ ಸೀರೆಗೆ ಫಾಲ್ ಹಚ್ಚುವವರು ಯಾರು? ಕಾಗದವಾದರೆ ಪೋಸ್ಟಿನವನ ಮೇಲೆ ತಪ್ಪು ಹಾಕಿ ನಾಲ್ಕು ದಿನ ಸಮಾಧಾನದಿಂದ ಇರಬಹುದು. ಇನ್ನು ವಿಡಿಯೋದಲ್ಲಿ ನಿನ್ನ ತುಟಿ ಒಮ್ಮೆ ಓಡುತ್ತದೆ, ಒಮ್ಮೆ ನಿಂತೇಬಿಡುತ್ತದೆ. ತುಟಿ ನೋಡಿ ಮಾತು ತಿಳಿಯುವ ಕಿವುಡಿಗೆ ಅದು ಉಪಯೋಗವಿಲ್ಲ.

ಆರನೇ ಇಯತ್ತೆಯಲ್ಲಿ ಜ್ವರ ಬಂದು ನನ್ನ ಕಿವಿ ಹೋದಾಗ ಮಾಸ್ತರರು ‘ಕೇಳಸದ ಹುಡುಗಿ ಸಾಲ್ಯಾಗ ಕುಂತು ಏನ್ ಮಾಡ್ತಾಳ’ ಎಂದು ಮನೆಗೆ ಕಳಿಸಿದರು. ಮುಂದೆ ನೀನು ಶಾಲೆಗೆ ಹೋಗತೊಡಗಿದ ಮೇಲೆ ನಿನ್ನ ಪಾಠಗಳನ್ನೆಲ್ಲ ನನ್ನ ಮುಂದೆ ಕೂತು ಬರೀ ತುಟಿಯಲ್ಲಿ ಹೇಳುತ್ತಿದ್ದೆ. ಬಾಯಿ ಓದುವುದನ್ನು ನಾನು ಕಲಿತದ್ದು ಹಾಗೆ. ಆ ವಿದ್ಯೆಯಿಂದ ಈಗ ಒಂದು ಪಾಪ ಮಾಡಿದ್ದೇನೆ. ನಿನಗೆ ಮಾತ್ರ ಹೇಳುತ್ತೇನೆ.

ಎದುರು ಮನೆಯ ಮೌಲಾಬಿಯ ಗಂಡ, ಟೇಲರ್ ಫಾರೂಕಣ್ಣ, ಶ್ರಾವಣದಲ್ಲಿ ತೀರಿಕೊಂಡದ್ದು ನಿನಗೆ ಗೊತ್ತು. ಕೊನೆಗೆ ತನಗೆ ಅಂತಲೇ ಒಂದು ಬಿಳಿ ಅಂಗಿ ಹೊಲಿಯುತ್ತಿದ್ದ. ಅದರ ಗುಂಡಿಗಳ ಕಾಜಾ ನಾನೇ ಹಾಕಿಕೊಟ್ಟಿದ್ದೆ. ಎಡತೋಳು ಹಚ್ಚಿದ, ಬಲತೋಳು ಹಚ್ಚುವಷ್ಟರಲ್ಲಿ ಹೋದ. ನಮ್ಮ ಓಣಿಯ ಅಗಲ ನಿನಗೆ ನೆನಪಿರಬೇಕು, ನನ್ನ ಕಿಟಕಿಗೂ ಅವಳ ಕಿಟಕಿಗೂ ನಡುವೆ ಎರಡು ಮಾರು ಇಲ್ಲ. ಶುಕ್ರವಾರ ಸಂಜೆ ನಾನು ದೀಪ ಹಚ್ಚಿ ಹೊಲಿಯುತ್ತ ಕೂತಿದ್ದೆ. ಈಚೆಗೆ ಸಂಜೆಯಾದರೆ ಮಾಡುವ ಹಾಗೆ ಅವಳು ಆ ಅಂಗಿಯನ್ನು ಕಿಟಕಿಯ ಸರಳಿಗೆ ತೂಗುಹಾಕಿ ಅದರ ಜೊತೆ ಮಾತಾಡುತ್ತಿದ್ದಳು. ಧ್ವನಿ ತೆಗೆದಿರಲಿಲ್ಲ. ಧ್ವನಿ ಇಲ್ಲದೆ ಆಡುವವರ ತುಟಿ ಬೇರೆಯೇ ಥರ ಇರುತ್ತದೆ, ನನಗೆ ತಿಳಿಯುತ್ತದೆ.

‘ಏನ್ರೀ, ಒಂದ್ ತೋಳ ಹಚ್ಚಿ ಹ್ವಾದ್ರಿ. ಈಗ ಇದನ್ನ ಯಾರಿಗೆ ಕೊಡ್ಲಿ? ಒಂದಽ ಕೈ ಇದ್ದಾವನ್ನ ಈ ಹುಬ್ಬಳ್ಯಾಗ ಎಲ್ಲೆ ಹುಡುಕ್ಲಿ? ಜಗತ್ತಿಗೆಲ್ಲಾ ಟೈಮಿಗೆ ಸರಿಯಾಗಿ ಹೊಲದ ಕೊಟ್ರಿ, ನಿಮ್ಮದಽ ಲೇಟ್ ನೋಡ್ರಿ.’

ನನಗೆ ನಗು ಬಂತು. ನಗುತ್ತಿರುವಾಗಲೇ ಅವಳು ತನ್ನ ಬಲಗೈಯನ್ನು ಆ ತೋಳಿಲ್ಲದ ಕಡೆ ತೂರಿಸಿ ಹಾಗೇ ನಿಂತುಬಿಟ್ಟಳು. ಬಹಳ ಹೊತ್ತು ನಿಂತಳು. ಆಮೇಲೆ ನನಗೆ ಸೂಜಿ ಕಾಣಿಸಲಿಲ್ಲ.

ಬೇರೆಯವರ ಗುಟ್ಟು ಬೇಡ ಅಂದರೆ ಉಳಿದವರು ಕಿವಿ ಮುಚ್ಚಿಕೊಳ್ಳುತ್ತಾರೆ. ನಾನು ಕಣ್ಣು ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಎಂಟು ದಿನಕ್ಕೊಮ್ಮೆ ನಳಕ್ಕೆ ನೀರು ಬಂದಾಗ ಓಡಿ ಬಂದು ನನಗೆ ಹೇಳುವವಳು ಅವಳು. ಅಂಥವಳ ಬಾಯಿ ಕದ್ದು ಓದಿದೆ. ಈ ಕಾಗದ ಓದಿ ಹರಿದುಹಾಕು. ಯಾರಿಗೂ ಹೇಳಬೇಡ.

ನಿನ್ನದೇ ಚಿಂತೆಯಲ್ಲಿರುವ ಅಕ್ಕ,
ಭಾಗ್ಯಾ


ಬೆಂಗಳೂರು
3 ಡಿಸೆಂಬರ್ 2022

ಅಕ್ಕಾ,

ಬಾಲ್ಕನಿಗೆ ಗ್ರಿಲ್ ಇದೆ. ದಿನಕ್ಕೆ ಎರಡು ಸಲ ಉಣ್ಣುತ್ತೇನೆ. ಇವೆರಡನ್ನೂ ಮೊದಲೇ ಬರೆದೆ, ಮುಂದಿನದನ್ನು ಸಮಾಧಾನದಿಂದ ಓದು.

ಒಬ್ಬ ಪ್ರೊಡ್ಯೂಸರ್ ಸಿಕ್ಕಿದ್ದಾರೆ. ನಮ್ಮ ಹುಬ್ಬಳ್ಳಿಯವರೇ, ಹತ್ತಿ ವ್ಯಾಪಾರದ ಮನೆತನ, ಅಮರೇಶ ಎಂದು ಹೆಸರು. ನೇರ ಮನುಷ್ಯ. ‘ನಿನ್ನ ಪಿಚ್ಚರ್ ನೋಡಿ ಮಂದಿ ಅಳಬೇಕು ಅಂತಿ, ಖರೇ. ಅಳಾಕರ ಮಂದಿ ಥೇಟರಿಗೆ ಬರಬೇಕಲ್ಲೋ? ಈ ಸಲ ನಗಸು. ನಮ್ಮ ಕಡೀ ಮಾತಿನ್ಯಾಗ ನಗಸು’ ಎಂದರು. ಒಪ್ಪಿದೆ. ಇದೂ ಬಿದ್ದರೆ ನನಗೆ ಮತ್ತೆ ಯಾರೂ ಕ್ಯಾಮೆರಾ ಕೊಡುವುದಿಲ್ಲ, ನಲವತ್ತಾರಕ್ಕೆ ಇನ್ನೊಂದು ಕೆಲಸ ಕಲಿಯಲೂ ಆಗುವುದಿಲ್ಲ.

ನಿನ್ನ ಕಾಗದ ಮೂರು ಸಲ ಓದಿದೆ. ನನ್ನ ಜೊತೆ ಕೂತು ಸ್ಕ್ರಿಪ್ಟ್ ಬರೆಯುವವರಲ್ಲಿ ಒಬ್ಬನಿಗೂ ನಿನ್ನ ಕಣ್ಣು ಇಲ್ಲ. ಬರೆಯುತ್ತಿರು. ಓಣಿಯದೆಲ್ಲ ಬರೆ, ಯಾವುದನ್ನೂ ಬಿಡಬೇಡ.

ಯಲ್ಲೇಶ


ಹಳೇ ಹುಬ್ಬಳ್ಳಿ
18 ಫೆಬ್ರುವರಿ 2024

ಯಲ್ಲೇಶ,

ನಿನ್ನ ‘ಮದಿವಿ ಮೂರ ಸಲ’ ನೋಡಿ ಬಂದು ವಾರವಾಯಿತು. ಹೌಸ್‌ಫುಲ್ ಇತ್ತು. ತಮ್ಮನ ಸಿನಿಮಾ ಓಡುತ್ತಿದೆ ಎಂದು ಪೇಢಾ ಹಂಚಬೇಕಾದವಳು ನಾನು. ಮೂರು ಸಲ ಕಾಗದ ಬರೆಯಲು ಕೂತು ಎದ್ದಿದ್ದೇನೆ.

ಓಣಿಯವರು ಹತ್ತು ಮಂದಿ ಹೋಗಿದ್ದೆವು. ಫಾರೂಕಣ್ಣ ಹೋದ ಮೇಲೆ ಮೌಲಾಬಿ ಇಂಥದಕ್ಕೆ ಎಲ್ಲಿಗೂ ಬಂದವಳಲ್ಲ. ‘ನಮ್ಮ ಯಲ್ಲೇಶನ ಪಿಚ್ಚರ್, ನೀ ಬರ್ಲಿಲ್ಲಂದ್ರ ಹ್ಯಾಂಗ’ ಎಂದು ಕೈ ಹಿಡಿದು ಎಳೆದುಕೊಂಡು ಹೋದವಳು ನಾನೇ. ನನ್ನ ಪಕ್ಕದಲ್ಲೇ ಕೂಡಿಸಿಕೊಂಡೆ.

ಇಂಟರ್‌ವಲ್ಲಿಗೆ ಸ್ವಲ್ಪ ಮುಂಚೆ ಪರದೆಯ ಮೇಲೆ ಗಂಗವ್ವ ಎಂಬುವಳು ಬಂದಳು. ಕಿಟಕಿಗೆ ಒಂದು ಅಂಗಿ ತೂಗುಹಾಕಿದಳು. ಅಂಗಿಗೆ ಒಂದೇ ತೋಳು. ಅವಳು ಬಾಯಿ ತೆರೆದಳು. ಯಲ್ಲೇಶ, ಆ ತುಟಿಗಳ ಮೇಲೆ ನನ್ನ ಕಾಗದ ಓಡುತ್ತಿತ್ತು. ಊರಿನ ಹೆಸರೊಂದು ಬಿಟ್ಟರೆ ಒಂದು ಅಕ್ಷರ ಆಚೆ ಈಚೆ ಇಲ್ಲ. ಆಮೇಲೆ ನಿನ್ನ ಹೀರೋನ ಗೆಳೆಯ ಒಂದು ಕೈಯನ್ನು ಅಂಗಿಯೊಳಗೆ ಅಡಗಿಸಿಕೊಂಡು ಬಂದು, ‘ಒಂದಽ ಕೈ ಇದ್ದಾವ ನಾ ಅದೀನಿ, ಕೊಡಬೇ ಇಲ್ಲೆ’ ಎಂದ. ಅದು ನನ್ನ ಕಾಗದದಲ್ಲಿ ಇರಲಿಲ್ಲ. ನನಗೆ ನಗು ಕೇಳಿಸುವುದಿಲ್ಲ. ಮುಂದಿನ ಸಾಲಿನವರ ಭುಜಗಳು ಕಂಡವು, ಒಂದು ಬಿಡದೆ ಎಲ್ಲ ಕುಣಿಯುತ್ತಿದ್ದವು.

ಹೊರಳಿ ಮೌಲಾಬಿಯನ್ನು ನೋಡಿದೆ. ಅವಳು ಪರದೆ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು.

ಅವಳು ಧ್ವನಿ ತೆಗೆಯದೆ ಆಡಿದ ಮಾತು ಅದು. ಅದು ಹೊರಗೆ ಬರಲು ಜಗತ್ತಿನಲ್ಲಿ ಒಂದೇ ದಾರಿ, ನನ್ನ ಕಣ್ಣು. ಇದನ್ನು ಅವಳಿಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ.

ಮನೆಗೆ ಬಂದ ಮೇಲೆ ಅವಳ ಸೊಸೆ ಶಾಯಿಸ್ತಾ ತನ್ನ ಮಾವ ಫಾರೂಕಣ್ಣನ ಅಂಗಿಯ ಗುರುತು ಹಿಡಿದು ‘ಅಮ್ಮಾ, ಅದು ನಮ್ಮ ಮಾಮಾನ ಅಂಗಿ ಹಂಗಽ ಇತ್ತಲ್ಲ’ ಎಂದಳಂತೆ. ಎರಡು ದಿನದಲ್ಲಿ ಓಣಿಗೆಲ್ಲ ಆಯಿತು. ಈಗ ಪಡ್ಡೆಗಳು ಒಂದು ಕೈ ಒಳಗೆ ಇಟ್ಟುಕೊಂಡು ಅವಳ ಬಾಗಿಲ ಮುಂದೆ ಹಾಯುತ್ತಾರೆ.

ಹರಿದುಹಾಕು ಎಂದು ಬರೆದಿದ್ದೆನಲ್ಲ. ಹೋಗಲಿ, ಇನ್ನೊಂದು ಕೇಳುತ್ತೇನೆ. ಅವಳು ತೋಳಿಲ್ಲದ ಕಡೆ ತನ್ನ ಕೈ ಹಾಕಿ ನಿಂತದ್ದನ್ನೂ ನಾನು ಬರೆದಿದ್ದೆ. ಅದು ಎಲ್ಲಿ ಹೋಯಿತು?

ಭಾಗ್ಯಾ


ಬೆಂಗಳೂರು
24 ಫೆಬ್ರುವರಿ 2024

ಅಕ್ಕಾ,

ಮೊದಲ ಸಲ ನಿನ್ನ ಕಾಗದದಲ್ಲಿ ನನ್ನ ಊಟದ ವಿಚಾರವಿಲ್ಲ. ಅದರಿಂದಲೇ ನಿನ್ನ ಸಿಟ್ಟು ತಿಳಿಯಿತು.

ಹೆಸರು ಬದಲಿಸಿದ್ದೇನೆ, ಜಾತಿ ಬದಲಿಸಿದ್ದೇನೆ, ಊರು ಬದಲಿಸಿದ್ದೇನೆ. ಅಂಗಿಯನ್ನು ಬದಲಿಸಲು ಹೋದೆ, ಬರಲಿಲ್ಲ. ಚಪ್ಪಲಿ ಬರೆದು ನೋಡಿದೆ, ಟೋಪಿ ಬರೆದು ನೋಡಿದೆ. ಯಾವುದೂ ಆ ಅಂಗಿಯಾಗಲಿಲ್ಲ. ಮೌಲಾಬಿ ಅಕ್ಕ ಥೇಟರಿಗೆ ಬರುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಕೈ ಹಾಕಿ ನಿಂತದ್ದನ್ನೂ ಶೂಟ್ ಮಾಡಿದ್ದೆ. ಒಂದು ನಿಮಿಷ ಹತ್ತು ಸೆಕೆಂಡು. ಇಷ್ಟು ವರ್ಷದಲ್ಲಿ ನಾನು ತೆಗೆದ ಅತ್ಯಂತ ಒಳ್ಳೆಯ ಶಾಟ್ ಅದು. ಬಿಡುಗಡೆಗೆ ಮುಂಚೆ ನಲವತ್ತು ಜನರನ್ನು ಕೂಡಿಸಿ ತೋರಿಸಿದೆವು. ನಗುತ್ತಿದ್ದವರು ಆ ಶಾಟ್ ಬಂದ ಕೂಡಲೇ ಸುಮ್ಮನಾದರು. ಮುಂದೆ ಹತ್ತು ನಿಮಿಷ ಯಾವ ಜೋಕಿಗೂ ನಗಲಿಲ್ಲ. ಅಮರೇಶ ಹೊರಗೆ ಕರೆದು, ‘ನಗು ಇಳಿಯೂಕಿಂತ ಮೊದಲಽ ಕಟ್ ಮಾಡು. ಇಲ್ಲಂದ್ರ ಮಂದಿ ತಾವು ನಕ್ಕಿದ್ದಕ್ಕ ತಾವಽ ನಾಚ್ಕೋತಾರ. ನಾಚಿಕೊಂಡಾವ ಎರಡನೇ ಸಲ ಟಿಕೆಟ್ ತಗಸಂಗಿಲ್ಲ’ ಎಂದರು. ಎರಡು ದಿನ ಜಗಳಾಡಿದೆ. ಮೂರನೇ ದಿನ ನಾನೇ ಕೂತು ಕಟ್ ಮಾಡಿದೆ. ಬೇರೆ ಯಾರ ಮೇಲೂ ಹಾಕುವುದಿಲ್ಲ.

ಈಗ ಆ ಸೀನು ತೆಗೆಯಲು ನನ್ನ ಕೈಯಲ್ಲಿಲ್ಲ, ಸಿನಿಮಾ ಅಮರೇಶರದು. ಆದರೆ ಬೇರೆ ದಾರಿ ಇದೆ. ಮಾರ್ಚ್ 29ಕ್ಕೆ ಐವತ್ತನೇ ದಿನದ ಸಮಾರಂಭ ಹುಬ್ಬಳ್ಳಿಯಲ್ಲೇ ಮಾಡುತ್ತೇವೆ. ಮೌಲಾಬಿ ಅಕ್ಕನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಈ ಪಾತ್ರ ಇವರಿಂದ ಬಂದದ್ದು ಎಂದು ಎಲ್ಲರ ಮುಂದೆ ಹೇಳುತ್ತೇನೆ. ನಕ್ಕ ಜನರೇ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ, ನೋಡುತ್ತಿರು.

ಎರಡನೇ ಭಾಗಕ್ಕೂ ಮಾತಾಗಿದೆ. ಗಂಗವ್ವ ಇರಲೇಬೇಕಂತೆ. ಬರೆಯುವುದನ್ನು ನಿಲ್ಲಿಸಬೇಡ ಅಕ್ಕಾ.

ಯಲ್ಲೇಶ


ಹಳೇ ಹುಬ್ಬಳ್ಳಿ
6 ಮಾರ್ಚ್ 2024

ಯಲ್ಲೇಶ,

ಬೇಡ. ಶಾಲೂ ಬೇಡ, ವೇದಿಕೆಯೂ ಬೇಡ. ಈಗ ಓಣಿಗೆ ಮಾತ್ರ ಗೊತ್ತು. ನೀನು ಶಾಲು ಹೊದಿಸಿದರೆ ಗಂಗವ್ವ ಎಂದರೆ ಇವಳೇ ಎಂದು ಊರಿಗೆಲ್ಲ ಬೆರಳು ಮಾಡಿ ತೋರಿಸಿದ ಹಾಗೆ. ಇಷ್ಟು ದೊಡ್ಡ ಡೈರೆಕ್ಟರಿಗೆ ಇದು ತಿಳಿಯುವುದಿಲ್ಲವೇ?

ಅವಳು ಕಿಟಕಿಗೆ ಪರದೆ ಹಾಕಿದ್ದಾಳೆ. ಅದು ಹೋಗಲಿ. ನಾನು ಎದುರಿಗೆ ಬಂದ ಕೂಡಲೇ ಬಾಯಿಯ ಮೇಲೆ ಸೆರಗು ಹಿಡಿಯುತ್ತಾಳೆ. ತರಕಾರಿ ಗಾಡಿಯ ಹತ್ತಿರ, ಕಿರಾಣಿ ಅಂಗಡಿಯಲ್ಲಿ, ಎಲ್ಲಿ ಸಿಕ್ಕರೂ ಹಾಗೆಯೇ. ಸೆರಗಿನ ಹಿಂದೆ ಬೇರೆಯವರೊಡನೆ ಮಾತಾಡುತ್ತಾಳೆ, ಬಟ್ಟೆ ಅಲ್ಲಾಡುವುದು ಕಾಣುತ್ತದೆ. ಬೈದಿದ್ದರೆ ಓದಿಕೊಳ್ಳುತ್ತಿದ್ದೆ. ಕಿವುಡಿಯ ಮುಂದೆ ಬಾಯಿ ಮುಚ್ಚಿಕೊಂಡರೆ ಏನಾಗುತ್ತದೆ ಎಂಬುದು ನಿನಗೆ ಗೊತ್ತಿರಬೇಕು, ಸಣ್ಣವನಿದ್ದಾಗ ಜಗಳವಾಡಿದರೆ ನೀನೂ ಹಾಗೇ ಮಾಡುತ್ತಿದ್ದೆ.

ಮೊನ್ನೆ ನೀರು ಬಂದು ಹೋಯಿತು. ನನಗೆ ಗೊತ್ತೇ ಆಗಲಿಲ್ಲ. ಈಗ ನಳದ ಕೆಳಗೆ ಬಕೆಟ್ಟಿನಲ್ಲಿ ಸ್ಟೀಲ್ ತಾಟು ಇಟ್ಟು ಗಳಿಗೆಗೊಮ್ಮೆ ಎದ್ದು ಹೋಗಿ ತಾಟು ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡುತ್ತೇನೆ. ಮೂವತ್ತು ವರ್ಷ ನನಗೆ ಕಿವಿಯಾಗಿದ್ದವಳು.

ನೀನು ಬಾ. ಕಾರು ದೂರ ನಿಲ್ಲಿಸಿ, ಒಬ್ಬನೇ, ಹಾರ ತುರಾಯಿ ಇಲ್ಲದೆ ಬಾ. ಅವಳ ಕಟ್ಟೆಯ ಮೇಲೆ ಕೂತು ತಪ್ಪಾಯಿತು ಅನ್ನು. ಬೈದರೆ ಬೈಸಿಕೋ. ಚಹಾ ಕೊಟ್ಟರೆ ಕುಡಿ. ಕೊಡದಿದ್ದರೆ ಎದ್ದು ಬಾ, ನಮ್ಮ ಮನೆಯಲ್ಲಿ ಮಾಡಿಕೊಡುತ್ತೇನೆ. ಇದಕ್ಕಿಂತ ಹೆಚ್ಚು ನಾನು ಕೇಳುವುದಿಲ್ಲ.

ಭಾಗ್ಯಾ


ಬೆಂಗಳೂರು
15 ಮಾರ್ಚ್ 2024

ಅಕ್ಕಾ,

ಕಾರ್ಡು ಪ್ರಿಂಟಾಗಿ ಹೋಗಿದೆ. ‘ಪಾತ್ರದ ಸ್ಫೂರ್ತಿ: ಶ್ರೀಮತಿ ಮೌಲಾಬಿ’ ಎಂದು ದೊಡ್ಡ ಅಕ್ಷರದಲ್ಲಿ ಹಾಕಿಸಿದ್ದೇನೆ. ನಮ್ಮ ಮ್ಯಾನೇಜರ್ ಅವರ ಮನೆಗೇ ಹೋಗಿ ಕೊಟ್ಟು ಬಂದ. ಶಾಯಿಸ್ತಾ ತೆಗೆದುಕೊಂಡಳಂತೆ, ಬೇಡ ಎನ್ನಲಿಲ್ಲವಂತೆ. ನೀನು ಸುಮ್ಮನೆ ಇಲ್ಲದ್ದನ್ನೆಲ್ಲ ಊಹಿಸಿಕೊಂಡು ಒದ್ದಾಡುತ್ತೀ. ವೇದಿಕೆಯ ಮೇಲೆ ಎಂಥ ಮುಖವೂ ಅರಳುವುದನ್ನು ನಾನು ನೋಡಿದ್ದೇನೆ. ನನ್ನ ಕೆಲಸವೇ ಅದು.

ಒಬ್ಬನೇ ಬರಲು ಈಗ ನಿಜವಾಗಿಯೂ ಬಿಡುವಿಲ್ಲ. ಎರಡನೇ ಭಾಗದ ಸ್ಕ್ರಿಪ್ಟ್ ಮೇ ಒಳಗೆ ಮುಗಿಸಬೇಕು. ಈಚೆಗೆ ನಿನ್ನ ಕಾಗದದಲ್ಲಿ ಜಗಳ ಬಿಟ್ಟು ಏನೂ ಇಲ್ಲ. ಓಣಿಯ ಸುದ್ದಿ ಏನು?

ಯಲ್ಲೇಶ


ಹಳೇ ಹುಬ್ಬಳ್ಳಿ
2 ಏಪ್ರಿಲ್ 2024

ಯಲ್ಲೇಶ,

ಸಮಾರಂಭಕ್ಕೆ ನಾನು ಬರಲಿಲ್ಲ. ಸ್ನೇಹಲ್ ತನ್ನ ಫೋನಿನಲ್ಲಿ ತೋರಿಸಿದಳು. ರಂಜಾನಿನ ಶುಕ್ರವಾರ, ರೋಜಾ ಬಿಡುವ ಹೊತ್ತಿಗೆ ಸರಿಯಾಗಿ ನೀನು ಮೈಕಿನಲ್ಲಿ ಮೌಲಾಬಿಯ ಹೆಸರು ಕೂಗಿದೆಯಂತೆ. ಅವಳು ಬರಲಿಲ್ಲ. ಶಾಲು, ವೇದಿಕೆ ಬೇಡ ಎಂದು ನಾನು ಬರೆದಿದ್ದೆ. ನೀನು ಸ್ವಲ್ಪ ಹೊತ್ತು ಶಾಲು ಹಿಡಿದುಕೊಂಡು ನಿಂತೆ. ಆಮೇಲೆ ಆ ಶಾಲನ್ನು ಖಾಲಿ ಕುರ್ಚಿಗೇ ಹೊದಿಸಿದೆ. ಜನ ಎದ್ದು ನಿಂತರು. ಎಷ್ಟು ಚಂದ ಮಾಡಿದೆ. ಅವಳು ಬಾರದೆ ಇದ್ದದ್ದೂ ನಿನಗೆ ಒಂದು ಶಾಟ್ ಆಯಿತು.

ಊರಿಗೆ ಬಂದು ನಮ್ಮ ಓಣಿಗೆ ಕಾಲಿಡದೆ ಹೋದೆ. ಮುಖ ತೋರಿಸಲು ಆಗಲಿಲ್ಲ ಅಂದುಕೊಳ್ಳುತ್ತೇನೆ. ಹಾಗೆ ಅಂದುಕೊಂಡರೆ ನನಗೆ ಸ್ವಲ್ಪ ಸಮಾಧಾನ.

ಅದೇ ಸಂಜೆ ಮೌಲಾಬಿ ನನ್ನ ಬಾಗಿಲಿಗೆ ಬಂದಿದ್ದಳು. ಏನು ಹೇಳಿದಳು ಎಂದು ನಿನಗೆ ಬರೆಯುವುದಿಲ್ಲ. ಇನ್ನು ಮುಂದೆ ನಿನಗೆ ನನ್ನದು ಮಾತ್ರ ಬರೆಯುತ್ತೇನೆ. ಮೊಣಕಾಲು ನೋವು, ಬಿಪಿ, ಮಾಮಾನ ಸಕ್ಕರೆ. ನಿನ್ನ ಎರಡನೇ ಭಾಗಕ್ಕೆ ಅದರಿಂದ ಏನಾದರೂ ಆದರೆ ತೆಗೆದುಕೋ.

ಫೋನಿನಲ್ಲಿ ನೋಡಿದೆ, ಕತ್ತು ಸಣ್ಣಗಾಗಿದೆ. ಬಿಸಿಲಲ್ಲಿ ಶೂಟಿಂಗ್ ಇದ್ದರೆ ಮಜ್ಜಿಗೆ ಕುಡಿ.

ಭಾಗ್ಯಾ


2 ಏಪ್ರಿಲ್ 2024
ಮಂಗಳವಾರ

ಮೌಲಾಬಿ,

ಎರಡು ಮಾರು ದೂರಕ್ಕೆ ಕಾಗದ ಬರೆಯುತ್ತಿದ್ದೇನೆ, ನಗಬೇಡ. ಬಾಯಿಂದ ಹೇಳಿದರೆ ನನ್ನ ಧ್ವನಿ ಎಷ್ಟು ಜೋರಾಗುತ್ತದೋ ನನಗೆ ತಿಳಿಯುವುದಿಲ್ಲ, ಓಣಿಗೆಲ್ಲ ಕೇಳಿಸುತ್ತದೆ. ನೀನು ಐದನೆಯವರೆಗೆ ಕನ್ನಡ ಸಾಲಿ ಕಲಿತವಳು. ನಿಧಾನ ಓದು. ಶಾಯಿಸ್ತಾಳಿಂದ ಓದಿಸಬೇಡ.

ಶುಕ್ರವಾರ ಓಣಿಯವರೆಲ್ಲ ಸಮಾರಂಭಕ್ಕೆ ಹೋಗಿದ್ದರು. ರೋಜಾ ಬಿಟ್ಟು ನೀನು ಬಂದೆ. ಹೊಸ್ತಿಲ ಹೊರಗೇ ನಿಂತು ಬಾಯಿಯ ಮೇಲಿನ ಸೆರಗು ತೆಗೆದೆ. ನಲವತ್ತೇಳು ದಿನದ ಮೇಲೆ ನಿನ್ನ ಬಾಯಿ ಕಂಡೆ. ನೀನು ಹೇಳಿದ್ದನ್ನು ನಾನು ಸರಿಯಾಗಿ ಓದಿದೆನೋ ಇಲ್ಲವೋ ಎಂದು ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಕೆಳಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು.

‘ಭಾಗ್ಯಾ, ನನ್ನ ಗಂಡನ ಜೋಡಿ ನಾ ಎಂದರ ಕನ್ನಡ ಮಾತಾಡೀನೇನು?’

ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ನೀವಿಬ್ಬರೂ ಉರ್ದು ಬಿಟ್ಟು ಬೇರೆ ಆಡಿದವರೇ ಅಲ್ಲ.

‘ಮತ್ತ ಅಂಗೀಗೆ ಯಾಕ ಕನ್ನಡದಾಗ ಹೇಳ್ತಿದ್ದೆ? ಗೂಟ ಬಿಟ್ಟು ಖಿಡಕಿಗೆ ಯಾಕ ತೂಗಹಾಕ್ತಿದ್ದೆ? ನೀ ದೀಪಾ ಹಚ್ಚಿ ಕುಂತಾಗಽ ಯಾಕ ಬರ್ತಿದ್ದೆ? ಮನ್ಯಾಗ ಅತ್ರ ಮಗಾ ಅಂಜ್ತಾನ. ಸೊಸಿ ದವಾಖಾನಿಗೆ ಹೋಗೂಣು ಬರ್ರಿ ಅಂತಾಳ. ಒಬ್ಬಾಕಿ ನೋಡ್ತಾಳ, ತಿಳ್ಕೋತಾಳ, ಬಾಯಿ ಬಿಡಂಗಿಲ್ಲ ಅಂತ ತಿಳದಿದ್ದೆ. ಅಂಗೀಗೆ ಹೇಳಿದ್ದಲ್ಲ ಅದು. ನಿನಗ ಹೇಳಿದ್ದು.’

ಇಷ್ಟು ಹೇಳಿ ಮತ್ತೆ ಸೆರಗು ಮುಚ್ಚಿಕೊಂಡು ಹೋದೆ.

ಕದ್ದು ಓದಿದೆ ಎಂದು ಇಷ್ಟು ದಿನ ಅಂಜಿಕೊಂಡೇ ಇದ್ದೆ. ಕದ್ದದ್ದಲ್ಲ, ನೀನು ಕೊಟ್ಟದ್ದು ಎಂದು ತಿಳಿಯಲಿಲ್ಲ. ಬಾಯಿ ಓದಲು ಬರುತ್ತದೆ ಎಂಬ ಸೊಕ್ಕು ನನಗೆ, ಎದುರಿಗಿದ್ದ ಮನುಷ್ಯಳನ್ನು ಓದಲು ಬರಲಿಲ್ಲ. ತಮ್ಮನನ್ನು ಬೈದು ಬೈದು ಕಾಗದ ಬರೆದೆ. ಆದರೆ ಅವನಿಗೆ ಮೊದಲು ಹೇಳಿದವಳು ನಾನು. ಅವನು ಸೋತು ಕೂತಿದ್ದ, ಇದನ್ನು ಓದಿಯಾದರೂ ಒಮ್ಮೆ ನಗಲಿ ಎಂದು ನನ್ನ ಮನಸ್ಸಿನಲ್ಲಿತ್ತು. ಇದ್ದದ್ದು ಖರೇ. ನಿನ್ನ ದುಃಖದಿಂದ ನನ್ನ ತಮ್ಮನನ್ನು ನಗಿಸಲು ಹೋದವರಲ್ಲಿ ನಾನೇ ಮೊದಲಿನವಳು.

ತಪ್ಪಾಯಿತು ಎಂದು ಬರೆದರೆ ಇದು ಮುಗಿಯುವುದಿಲ್ಲ. ನಿನ್ನದೊಂದನ್ನು ನಾನು ಹೊರಗೆ ಹಾಕಿದ್ದೇನೆ. ನನ್ನದೊಂದನ್ನು ನಿನ್ನ ಕೈಯಲ್ಲಿ ಇಡುತ್ತೇನೆ.

ನನ್ನ ಕಿವಿ ಹೋದಾಗ ಯಲ್ಲೇಶ ನಾಲ್ಕು ವರ್ಷದವನು. ಸಣ್ಣವನಿದ್ದಾಗಿನಿಂದ ಕೇಳುತ್ತ ಬಂದಿದ್ದಾನೆ, ‘ನನ್ನ ಧ್ವನಿ ನಿನಗ ನೆನಪೈತೇನಕ್ಕಾ?’ ಇಷ್ಟು ದೊಡ್ಡವನಾದರೂ ಪ್ರತಿ ಸಿನಿಮಾ ಸುರು ಮಾಡುವ ಮುಂಚೆ ಬಂದು ಒಮ್ಮೆ ಕೇಳುತ್ತಾನೆ. ‘ಐತಲ್ಲ, ಸಣ್ಣ ಗೆಜ್ಜಿ ಹಂಗಿತ್ತು’ ಅನ್ನುತ್ತೇನೆ. ಅದನ್ನು ಕೇಳಿಯೇ ಅವನು ಧೈರ್ಯದಿಂದ ಹೋಗುತ್ತಾನೆ. ಅದು ಸುಳ್ಳು, ಮೌಲಾಬಿ. ಅವ್ವ ರೊಟ್ಟಿ ಬಡಿಯುವ ಸದ್ದು ನೆನಪಿದೆ. ಮಾಸ್ತರರ ಕೆಮ್ಮು ನೆನಪಿದೆ. ರೈಲಿನ ಸೀಟಿ ನೆನಪಿದೆ. ಅವನದೊಂದೇ ಇಲ್ಲ. ಯಾವಾಗ ಹೋಯಿತೋ ಗೊತ್ತಿಲ್ಲ. ಎಷ್ಟು ಹುಡುಕಿದರೂ ಬರೀ ಅವನ ತುಟಿ ಕಾಣುತ್ತದೆ. ಇದನ್ನು ಗಂಡನಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ. ಯಲ್ಲೇಶನಿಗೆ ತಿಳಿದರೆ ಅವನು ಹೇಗೆ ಒಡೆದುಹೋಗುತ್ತಾನೆ ಎಂಬುದು ನನಗೊಬ್ಬಳಿಗೇ ಗೊತ್ತು. ಈಗ ನಿನಗೂ ಗೊತ್ತಾಯಿತು. ಏನು ಬೇಕಾದರೂ ಮಾಡು.

ನಿನ್ನ ಕಿಟಕಿಯ ಪರದೆ ತೆಗೆ ಎಂದು ನಾನು ಕೇಳುವುದಿಲ್ಲ. ಇವತ್ತಿನಿಂದ ನಾನೇ ಕಿಟಕಿಗೆ ಬೆನ್ನು ಮಾಡಿ ಹೊಲಿಯಲು ಕೂರುತ್ತೇನೆ. ಬೆಳಕು ಸಾಲುವುದಿಲ್ಲ, ಹೊಲಿಗೆಯ ಟಾಕು ಸೊಟ್ಟ ಬೀಳುತ್ತದೆ, ಗಿರಾಕಿಗಳು ಬೈಯುತ್ತಾರೆ. ಬೈಯಲಿ. ಎಂದಾದರೂ ನಾನು ಹೊರಳಿ ಕೂಡಬೇಕು ಎಂದು ನಿನಗೆ ಅನ್ನಿಸಿದರೆ ಅಲ್ಲಿಂದ ಕರೆಯಬೇಡ, ನನಗೆ ತಿಳಿಯುವುದಿಲ್ಲ. ಓಣಿ ದಾಟಿ ಒಳಗೆ ಬಂದು ಬೆನ್ನು ಮುಟ್ಟಬೇಕು.

ಬಾಗಿಲಿಗೆ ಚಿಲಕ ಹಾಕುವುದಿಲ್ಲ.

ಎದುರು ಮನೆಯ
ಭಾಗ್ಯಾ